ಹರಿದು ಹಾಕುವ ಪತ್ರ, ಅಳಿಸಲಾಗದ ಲೆಕ್ಕ



ಪದ್ಮನಾಭನಗರದಲ್ಲೋ ಬನಶಂಕರಿಯಲ್ಲೋ ನಡೆದು ಹೋಗುವಾಗ ‘ಪತ್ತಿನ ಸಹಕಾರ ಸಂಘ’ ಎಂಬ ಫಲಕವನ್ನು ನೀವು ಓದಿರಬಹುದು. ಈ ‘ಪತ್ತು’ ಎಂದರೇನು ಎಂದು ಎಂದಾದರೂ ಯೋಚಿಸಿದ್ದೀರಾ? ಪತ್ತು ಎಂದರೆ ಹಣವಲ್ಲ. ಕೊಟ್ಟ ಹಣ ಮರಳಿ ಬರುತ್ತದೆ ಎಂಬ ನಂಬಿಕೆ. ಸಾಲದ ಕಂತು ತಡವಾದಾಗ ಈ ನಂಬಿಕೆಗೆ ಏನಾಗುತ್ತದೆ? ಕಷ್ಟದಲ್ಲಿರುವವನಿಗೆ ಕಾಲಾವಕಾಶ ಕೊಟ್ಟರೆ ಅದು ಅವನ ಹೆಸರಿಗೆ ಅಂಟಿಕೊಳ್ಳುತ್ತದೆಯೇ? ಈ ಪ್ರಶ್ನೆಗಳು ಗಣಕಯಂತ್ರದ ಯುಗದವೆಂದು ತೋರಿದರೂ ಬಹಳ ಹಳೆಯವು.

ಸುಮಾರು 900 ವರ್ಷಗಳ ಹಿಂದೆ, ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ, ಕಲ್ಯಾಣದಲ್ಲಿದ್ದ ವಿಜ್ಞಾನೇಶ್ವರನು ಯಾಜ್ಞವಲ್ಕ್ಯ ಸ್ಮೃತಿಗೆ ‘ಮಿತಾಕ್ಷರಾ’ ಎಂಬ ವ್ಯಾಖ್ಯಾನ ಬರೆದನು. ಕಲ್ಯಾಣವೆಂದರೆ ಇಂದಿನ ಬೀದರ್ ಜಿಲ್ಲೆಯ ಬಸವಕಲ್ಯಾಣ. ಆ ಸ್ಮೃತಿಯಲ್ಲಿ ಸಾಲದ ಬಗ್ಗೆ ಒಂದು ಇಡೀ ಪ್ರಕರಣವೇ ಇದೆ. ಸಾಲಗಾರ ಸ್ವಲ್ಪ ಸ್ವಲ್ಪವಾಗಿ ತೀರಿಸಿದರೆ, ಕೊಟ್ಟಷ್ಟನ್ನು ಸಾಲಪತ್ರದ ಹಿಂಬದಿಯಲ್ಲಿ ಬರೆಯಬೇಕು. ಇಲ್ಲವೇ ಸಾಲ ಕೊಟ್ಟವನು ತನ್ನ ಕೈಬರಹದಲ್ಲಿ ರಸೀದಿ ಕೊಡಬೇಕು. ಪೂರ್ತಿ ತೀರಿದ ಮೇಲೆ ಪತ್ರವನ್ನು ಹರಿದು ಹಾಕಬೇಕು. ಅಲ್ಲಿಗೆ ಋಣ ಮುಗಿಯಿತು, ಅದರ ದಾಖಲೆಯೂ ಮುಗಿಯಿತು.

ಆದರೆ ಅದೇ ಸ್ಮೃತಿಯಲ್ಲಿ ಮತ್ತೊಂದು ನಿಯಮವೂ ಇದೆ. ಗತಿಯಿಲ್ಲದ ಸಾಲಗಾರ ಕೆಳಜಾತಿಯವನಾದರೆ ಸಾಲಕ್ಕಾಗಿ ಅವನಿಂದ ದುಡಿಸಿಕೊಳ್ಳಬಹುದು. ಬ್ರಾಹ್ಮಣನಾದರೆ ಅವನ ಆದಾಯಕ್ಕೆ ತಕ್ಕಂತೆ ನಿಧಾನವಾಗಿ ವಸೂಲು ಮಾಡಬೇಕು. ಅಂದರೆ ಕಂತಿನ ಸೌಲಭ್ಯವಿತ್ತು, ಆದರೆ ಅದು ಎಲ್ಲರಿಗೂ ಇರಲಿಲ್ಲ. ಸಾಲಕ್ಕಾಗಿ ಮನುಷ್ಯನನ್ನೇ ಒತ್ತೆಯಾಗಿಟ್ಟುಕೊಳ್ಳುವ ಜೀತವನ್ನು ಇಡೀ ದೇಶದಲ್ಲಿ ಕಾನೂನು ರದ್ದು ಮಾಡಿದ್ದು 1976ರಲ್ಲಿ. ತಡವಾದಾಗ ಯಾರಿಗೆ ದಯೆ, ಯಾರಿಗೆ ದಂಡ ಎಂಬ ಪ್ರಶ್ನೆಯನ್ನು ನೀವು ಮುಂದೆಯೂ ನೆನಪಿಡಬೇಕು.

ಹಿಂದೆ ನಮ್ಮ ನಾಡಿನ ವ್ಯಾಪಾರಿಗಳು, ಮಠಗಳು ‘ಕಡತ’ದಲ್ಲಿ ಲೆಕ್ಕ ಬರೆಯುತ್ತಿದ್ದರು. ಹುಣಿಸೆ ಬೀಜದ ಅಂಟು ಮತ್ತು ಇದ್ದಿಲ ಪುಡಿ ಬಳಿದ ಮಡಿಕೆ ಬಟ್ಟೆಯ ಮೇಲೆ ಬಳಪದ ಬರಹ. ಬೇಕೆಂದರೆ ಅಳಿಸಿ ಮತ್ತೆ ಬರೆಯಬಹುದು. ಲೆಕ್ಕ ಸಾಹುಕಾರನ ಕೈಯಲ್ಲಿತ್ತು, ಓದುಬರಹ ಬಾರದ ರೈತನ ಹೆಬ್ಬೆಟ್ಟು ಸಾಲಪತ್ರದ ಮೇಲಿತ್ತು. 1875ರಲ್ಲಿ ಪುಣೆ ಮತ್ತು ಅಹಮದ್‌ನಗರ ಜಿಲ್ಲೆಗಳ ರೈತರು ದಂಗೆ ಎದ್ದಾಗ ಸಾಹುಕಾರರ ಮನೆಗಳಲ್ಲಿ ಮೊದಲು ಹುಡುಕಿದ್ದು ಚಿನ್ನವನ್ನಲ್ಲ, ಸಾಲಪತ್ರಗಳನ್ನು. ಅವನ್ನು ಕಸಿದು ಸುಟ್ಟರು. ಇದರ ಫಲವಾಗಿ 1879ರಲ್ಲಿ ಬಂದ ದಖನ್ ರೈತರ ಪರಿಹಾರ ಕಾಯಿದೆಯು, ಪತ್ರದಲ್ಲಿ ಬರೆದದ್ದಷ್ಟನ್ನೇ ನಂಬದೆ ಸಾಲದ ಪೂರ್ವಚರಿತ್ರೆಯನ್ನು ಪರಿಶೀಲಿಸಿ ಕಂತು ನಿಗದಿ ಮಾಡುವ ಅಧಿಕಾರವನ್ನು ನ್ಯಾಯಾಲಯಗಳಿಗೆ ಕೊಟ್ಟಿತು.

ಇನ್ನೊಂದು ದಾರಿ ತೆರೆದದ್ದು ನಮ್ಮ ಗದಗ ಸೀಮೆಯಲ್ಲಿ. 1904ರ ಸಹಕಾರ ಪತ್ತಿನ ಸಂಘಗಳ ಕಾಯಿದೆ ಬಂದ ಮರುವರ್ಷವೇ, 1905ರಲ್ಲಿ, ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳತ್ವದಲ್ಲಿ ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ ಹುಟ್ಟಿತು. ಗ್ರಾಮೀಣ ಸಂಘಗಳಿಗೆ ಮಾದರಿ ಜರ್ಮನಿಯ ರೈಫೈಸನ್ ಪದ್ಧತಿ: ಒಬ್ಬ ಸದಸ್ಯ ಸಾಲ ತೀರಿಸದಿದ್ದರೆ ಎಲ್ಲರೂ ಹೊಣೆ. ಆದ್ದರಿಂದ ನೆರೆಯವನ ಗುಣ ನಡತೆ, ಮಳೆ ಬೆಳೆ, ಮನೆಯ ಕಾಯಿಲೆ ಕಸಾಲೆ ಎಲ್ಲವೂ ಸಂಘಕ್ಕೆ ಗೊತ್ತಿರಬೇಕಾಗಿತ್ತು. ಕಂತು ತಪ್ಪಿದವನು ಸೋಮಾರಿಯೋ, ಅವನ ಎತ್ತು ಸತ್ತಿತೋ ಎಂಬುದನ್ನು ಊರು ಬಲ್ಲದು. ಇದರಲ್ಲಿ ಕರುಣೆಗೆ ಜಾಗವಿತ್ತು, ಪಕ್ಷಪಾತಕ್ಕೂ ಇತ್ತು.

ಆದರೆ ಮಹಾನಗರದಲ್ಲಿ ಯಾರು ಯಾರನ್ನು ಬಲ್ಲರು? ಈ ತೊಡಕು ಅಮೆರಿಕವನ್ನು ಕಾಡಿತು. 1837ರ ಆರ್ಥಿಕ ಕುಸಿತದ ನಂತರ, 1841ರಲ್ಲಿ, ಲೂಯಿಸ್ ಟಪ್ಪನ್ ಎಂಬ ವ್ಯಾಪಾರಿ ನ್ಯೂಯಾರ್ಕ್‌ನಲ್ಲಿ ದೂರದ ಊರುಗಳ ವರ್ತಕರ ನಂಬಿಕಸ್ತಿಕೆಯ ವರದಿಗಳನ್ನು ಸಂಗ್ರಹಿಸಿ ಮಾರುವ ಸಂಸ್ಥೆಯನ್ನು ತೆರೆದನು. ಅಲ್ಲಿಂದ ಪತ್ತು ಎಂಬುದು ನೆರೆಹೊರೆಯ ನೆನಪಿನಿಂದ ಕಚೇರಿಯ ದಾಖಲೆಗೆ ದಾಟಿತು. ನಮ್ಮ ದೇಶದಲ್ಲಿ ಇಂಥ ಮೊದಲ ಸಂಸ್ಥೆಯಾದ ಸಿಬಿಲ್ ಸ್ಥಾಪನೆಯಾದದ್ದು 2000ದಲ್ಲಿ. ಇವುಗಳನ್ನು ನಿಯಂತ್ರಿಸುವ ಕಾಯಿದೆ ಬಂದದ್ದು 2005ರಲ್ಲಿ.

ಈಗ ಪದ್ಮನಾಭನಗರದ ದಿನಸಿ ಅಂಗಡಿಯ ಉದ್ದರಿ ಪುಸ್ತಕವನ್ನೂ ಈ ಹೊಸ ದಾಖಲೆಯನ್ನೂ ಹೋಲಿಸಿ ನೋಡಿ. ಅಂಗಡಿಯವರಿಗೆ “ಸಂಬಳ ತಡವಾಗಿದೆ ಅಣ್ಣ, ಮುಂದಿನ ವಾರ ಕೊಡುತ್ತೇನೆ” ಎಂದರೆ ಮಾತು ಅಲ್ಲಿಗೆ ಮುಗಿಯುತ್ತದೆ. ಬ್ಯಾಂಕಿನ ದಾಖಲೆಯಾದರೋ ಕಾರಣವನ್ನು ಕೇಳುವುದಿಲ್ಲ, ದಿನಗಳನ್ನು ಎಣಿಸುತ್ತದೆ. ಬಾಕಿ 90 ದಿನ ದಾಟಿದರೆ ಆ ಸಾಲವನ್ನು ಬ್ಯಾಂಕು ವಸೂಲಾಗದ ಸಾಲದ ಗುಂಪಿಗೆ ಸೇರಿಸುತ್ತದೆ. 300ರಿಂದ 900ರವರೆಗಿನ ಅಂಕದಲ್ಲಿ ಇದೆಲ್ಲ ಪ್ರತಿಫಲಿಸುತ್ತದೆ. ಹಳೆಯ ಸಾಲಪತ್ರದಂತೆ ಇದನ್ನು ಹರಿದು ಹಾಕುವಂತಿಲ್ಲ. ಮಾಹಿತಿಯನ್ನು ಕನಿಷ್ಠ 7 ವರ್ಷ ಉಳಿಸಿಕೊಳ್ಳಬೇಕೆಂಬುದೇ ನಿಯಮ.

ಹಾಗಾದರೆ ಬ್ಯಾಂಕೇ ಕಾಲಾವಕಾಶ ಕೊಟ್ಟರೆ? ಇಲ್ಲಿ ಮೂರು ಏರ್ಪಾಡುಗಳನ್ನು ಬೇರ್ಪಡಿಸಿ ತಿಳಿಯಬೇಕು. ಮೊದಲನೆಯದು ಕಂತು ಮುಂದೂಡಿಕೆ. 2020ರ ಮಾರ್ಚ್‌ನಿಂದ ಆಗಸ್ಟ್‌ವರೆಗೆ, ಕೋವಿಡ್ ಕಾಲದಲ್ಲಿ, ರಿಸರ್ವ್ ಬ್ಯಾಂಕು ಇದಕ್ಕೆ ಅನುಮತಿ ಕೊಟ್ಟಿತು. ಇದರಿಂದ ಸಾಲಗಾರನ ದಾಖಲೆ ಕೆಡಬಾರದೆಂದೂ ಹೇಳಿತು. ಆದರೆ ಬಡ್ಡಿ ಮಾತ್ರ ಬೆಳೆಯುತ್ತಲೇ ಇತ್ತು. ಎರಡನೆಯದು ಸಾಲದ ಪುನರ್‌ರಚನೆ. ಅವಧಿ ಹೆಚ್ಚುತ್ತದೆ, ಕಂತು ಇಳಿಯುತ್ತದೆ. ಆದರೆ ‘ಪುನರ್‌ರಚಿತ’ ಎಂಬ ಗುರುತು ದಾಖಲೆಯಲ್ಲಿ ಬೀಳುತ್ತದೆ. ಮೂರನೆಯದು ರಾಜಿ ಇತ್ಯರ್ಥ. ಬ್ಯಾಂಕು ಒಂದಷ್ಟನ್ನು ಬಿಟ್ಟು ಉಳಿದದ್ದನ್ನು ಪಡೆಯುತ್ತದೆ. ಸಾಲಗಾರ ಸಾಲ ತೀರಿತೆಂದುಕೊಳ್ಳುತ್ತಾನೆ; ದಾಖಲೆ ಮಾತ್ರ ‘ಪೂರ್ತಿ ತೀರಿದೆ’ ಎನ್ನದೆ ‘ಇತ್ಯರ್ಥವಾಗಿದೆ’ ಎನ್ನುತ್ತದೆ. ಮುಂದೆ ಸಾಲ ಕೇಳಲು ಹೋದಾಗ ಈ ಒಂದು ಪದ ಭಾರವಾಗುತ್ತದೆ.

ಇದು ದೊಡ್ಡವರ ವಿಷಯ ಎಂದು ನೀವು ಪಕ್ಕಕ್ಕಿಡಬೇಡಿ. ಶಿಕ್ಷಣ ಸಾಲದಲ್ಲಿ ಓದುವ ಅವಧಿಗೂ ಆಮೇಲಿನ ಕೆಲವು ಕಾಲಕ್ಕೂ ಸಾಮಾನ್ಯವಾಗಿ ಕಂತಿನಿಂದ ವಿನಾಯಿತಿ ಇರುತ್ತದೆ. ಅದು ಮುಗಿದ ಮೇಲೆ ತಡವಾದರೆ ನಿಮ್ಮದಷ್ಟೇ ಅಲ್ಲ, ಜೊತೆಗೆ ಸಹಿ ಹಾಕಿದ ತಂದೆತಾಯಿಯ ದಾಖಲೆಯೂ ಕೆಡುತ್ತದೆ. ಸಾಲದ ದಾಖಲೆ ಸರಿಯಿಲ್ಲವೆಂದು ಬ್ಯಾಂಕೊಂದು ಆಯ್ಕೆಯಾದ ಅಭ್ಯರ್ಥಿಯ ನೇಮಕವನ್ನು ರದ್ದು ಮಾಡಿದಾಗ, 2025ರಲ್ಲಿ ಮದ್ರಾಸ್ ಹೈಕೋರ್ಟ್ ಆ ಕ್ರಮವನ್ನು ಎತ್ತಿಹಿಡಿಯಿತು. ಕೆಲಸವಿಲ್ಲದೆ ಸಾಲ ತೀರದು. ಸಾಲ ತೀರದೆ ಕೆಲಸವಿಲ್ಲ ಎಂದಾದರೆ ಬಡ ವಿದ್ಯಾರ್ಥಿ ಎಲ್ಲಿಗೆ ಹೋಗಬೇಕು?

ದಾಖಲೆಯಲ್ಲಿ ತಪ್ಪೂ ನುಸುಳಬಹುದು. 2017ರಿಂದ ಪ್ರತಿಯೊಬ್ಬರೂ ವರ್ಷಕ್ಕೊಮ್ಮೆ ತಮ್ಮ ಪೂರ್ಣ ವರದಿಯನ್ನು ಪ್ರತಿ ಸಂಸ್ಥೆಯಿಂದ ಉಚಿತವಾಗಿ ಪಡೆಯಬಹುದು. ದೂರು ಕೊಟ್ಟ 30 ದಿನಗಳಲ್ಲಿ ಅದು ಇತ್ಯರ್ಥವಾಗದಿದ್ದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕೆಂಬ ನಿಯಮ 2024ರಲ್ಲಿ ಜಾರಿಗೆ ಬಂದಿದೆ. ಕಂತು ಕಟ್ಟಲಾಗದ ಸ್ಥಿತಿ ಬಂದರೆ, ತಪ್ಪುವ ಮೊದಲೇ ಬ್ಯಾಂಕಿಗೆ ಹೋಗಿ ಮಾತನಾಡಿ. ಯಾವ ಏರ್ಪಾಡಾದರೂ ದಾಖಲೆಯಲ್ಲಿ ಏನೆಂದು ಬರೆಯುತ್ತೀರಿ ಎಂದು ಕೇಳಿ, ಬರವಣಿಗೆಯಲ್ಲಿ ಪಡೆದುಕೊಳ್ಳಿ.

ದಖನ್ನಿನ ರೈತರಿಗೆ ತಮ್ಮ ಹೆಸರಿನ ಪತ್ರದಲ್ಲಿ ಏನಿದೆಯೆಂದು ಓದಲು ಬರುತ್ತಿರಲಿಲ್ಲ, ಹಾಗಾಗಿ ಸುಟ್ಟರು. ನಿಮಗೆ ಓದಲು ಬರುತ್ತದೆ. ನಿಮ್ಮ ಲೆಕ್ಕವನ್ನು ನೀವೇ ಓದಿ, ತಪ್ಪಿದ್ದರೆ ಪ್ರಶ್ನಿಸಿ. ಮನೆಯಲ್ಲಿ ಓದಲಾರದ ಹಿರಿಯರಿದ್ದರೆ ಅವರಿಗೂ ಓದಿ ಹೇಳಿ.