ಹದಿನೇಳು ಜನರ ಕಣ್ಣು

ಪೇಟೆಯಲ್ಲಿ ಸೀರೆ ಕೊಳ್ಳುವ ಹೆಂಗಸರು ಅಂಗಡಿಯ ದೀಪವನ್ನು ಎಂದೂ ನಂಬಿದವರಲ್ಲ. ಸೆರಗನ್ನು ಬಾಗಿಲಾಚೆ ತಂದು ಬಿಸಿಲಿಗೆ ಹಿಡಿದು ನೋಡಿ, ಆಮೇಲೆಯೇ ಬೆಲೆಯ ಮಾತು. ಕಂಪ್ಯೂಟರಿನ ತೆರೆಯ ಮೇಲೆ ಸೀರೆ ಆರಿಸುವ ಈ ಕಾಲದಲ್ಲಿ ಆ ಸೌಕರ್ಯವಿಲ್ಲ. ನಮ್ಮ ಮನೆಗೂ ಹೀಗೆ ಒಂದು ಸೀರೆ ಬಂತು. ತೆರೆಯ ಮೇಲೆ ಅರಗಿನ ಬಣ್ಣ, ಪೊಟ್ಟಣ ಬಿಚ್ಚಿದರೆ ಇಟ್ಟಿಗೆಯ ಬಣ್ಣ. ಅಂಗಡಿಯವನ ಮೋಸವೆಂದು ಮನೆಯಾಕೆ, ಯಂತ್ರದ ತಪ್ಪೆಂದು ಮಗ. ಈ ವ್ಯಾಜ್ಯಕ್ಕೆ ತೀರ್ಪು ಹೇಳಹೊರಟರೆ ಬಹಳ ಹಿಂದಕ್ಕೆ ಹೋಗಬೇಕಾಗುತ್ತದೆ.

1861ನೆಯ ಮೇ 17ರಂದು ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್ ಒಂದು ಪಟ್ಟೆಪಟ್ಟೆಯ ರಿಬ್ಬನ್ನಿನ ಚಿತ್ರವನ್ನು ಬಣ್ಣದಲ್ಲಿ ತೋರಿಸಿದನು. ಕೆಂಪು, ಹಸಿರು, ನೀಲಿ ದ್ರವಗಳ ಮೂಲಕ ತೆಗೆದ ಮೂರು ಕಪ್ಪು-ಬಿಳುಪು ಚಿತ್ರಗಳನ್ನು ಅದೇ ಬಣ್ಣಗಳ ಮೂರು ದೀಪಗಳಿಂದ ಒಂದರ ಮೇಲೊಂದು ಬೀಳಿಸಿದ್ದಷ್ಟೆ. ಇಂದಿನ ಪ್ರತಿಯೊಂದು ತೆರೆಯೂ ಮಾಡುವುದು ಇದನ್ನೇ. ಇದರಲ್ಲೊಂದು ವಿನೋದವುಂಟು. ಆ ಕಾಲದ ಛಾಯಾಚಿತ್ರದ ಫಲಕಗಳಿಗೆ ಕೆಂಪು ಬೆಳಕು ತಾಗುತ್ತಲೇ ಇರಲಿಲ್ಲ. ಹಾಗಾದರೆ ಕೆಂಪು ಮೂಡಿದ್ದು ಹೇಗೆ? ನೂರು ವರ್ಷ ಕಳೆದು 1961ರಲ್ಲಿ ಕೊಡಾಕ್ ಸಂಸ್ಥೆಯ ರಾಲ್ಫ್ ಎವಾನ್ಸ್ ಮತ್ತು ಸಂಗಡಿಗರು ಗುಟ್ಟನ್ನು ಬಿಡಿಸಿದರು: ರಿಬ್ಬನ್ನಿನ ಕೆಂಪು ಬಣ್ಣವು ಕಣ್ಣಿಗೆ ಕಾಣದ ನೇರಳಾತೀತ ಕಿರಣವನ್ನೂ ಪ್ರತಿಫಲಿಸುತ್ತಿತ್ತು, ಕೆಂಪು ದ್ರವವು ಅದನ್ನು ದಾಟಿಸಿತ್ತು. ಸಿದ್ಧಾಂತ ಸರಿ, ಪ್ರಯೋಗ ಗೆದ್ದದ್ದು ಮಾತ್ರ ಅದೃಷ್ಟದಿಂದ.

ಬಣ್ಣಕ್ಕೆ ಅಳತೆಗೋಲು ಬಂದದ್ದು 1931ರಲ್ಲಿ. ಇಂಪೀರಿಯಲ್ ಕಾಲೇಜಿನಲ್ಲಿ ಡೇವಿಡ್ ರೈಟ್ ಎಂಬವರು 10 ಜನರನ್ನೂ, ಟೆಡಿಂಗ್‌ಟನ್ನಿನ ನ್ಯಾಷನಲ್ ಫಿಸಿಕಲ್ ಲ್ಯಾಬೊರೇಟರಿಯಲ್ಲಿ ಜಾನ್ ಗಿಲ್ಡ್ ಎಂಬವರು 7 ಜನರನ್ನೂ ಬೇರೆಬೇರೆಯಾಗಿ ಪರೀಕ್ಷಿಸಿದ್ದರು. ಚಾಚಿದ ಕೈಯ ಹೆಬ್ಬೆರಳಿನ ಉಗುರಿನಷ್ಟು ಅಗಲಕ್ಕೆ ಕಾಣುವ ಒಂದು ಬಿಲ್ಲೆ; ಅದರ ಅರ್ಧದಲ್ಲಿ ಕಾಮನಬಿಲ್ಲಿನ ಯಾವುದೋ ಒಂದು ಶುದ್ಧ ಬಣ್ಣ; ಉಳಿದರ್ಧದಲ್ಲಿ ಮೂರು ದೀಪಗಳನ್ನು ಏರಿಸಿ ಇಳಿಸಿ ಅದಕ್ಕೆ ಸರಿಗೂಡುವ ಬಣ್ಣವನ್ನು ಕಲಸಬೇಕು. ಯಂತ್ರಗಳು ಬೇರೆಯಾದರೂ ಫಲಿತಾಂಶಗಳು ಹೊಂದಿಕೊಂಡವು. ದೀಪಪ್ರಕಾಶದ ಅಂತರರಾಷ್ಟ್ರೀಯ ಆಯೋಗವು ಎರಡನ್ನೂ ಸೇರಿಸಿ ಸರಾಸರಿ ತೆಗೆದು, ಒಬ್ಬ ‘ಪ್ರಮಾಣ ವೀಕ್ಷಕ’ನನ್ನು ಸೃಷ್ಟಿಸಿತು. ಈ ಮಹಾಶಯ ಎಲ್ಲಿಯೂ ಹುಟ್ಟಿದವನಲ್ಲ. ಆದರೂ ನಮ್ಮ ಮೇಜಿನ ಮೇಲಿನ ಯಂತ್ರವು ಕೆಂಪನ್ನು ಲೆಕ್ಕ ಹಾಕುವಾಗ ಇಂದಿಗೂ ಕೇಳುವುದು ಅವನನ್ನೇ. ಇಂಗ್ಲೆಂಡಿನ ಎರಡು ಕತ್ತಲೆ ಕೋಣೆಗಳಲ್ಲಿ ಕುಳಿತಿದ್ದ ಹದಿನೇಳು ಜನರ ಕಣ್ಣು ಲೋಕಕ್ಕೆಲ್ಲ ಕಣ್ಣಾಯಿತು!

ಕಂಪ್ಯೂಟರು ಈ ಅಳತೆಗೋಲನ್ನು ಬಹುಕಾಲ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಅದರ ಭಾಷೆಯಲ್ಲಿ 255, 0, 0 ಎಂದರೆ ಕೆಂಪಲ್ಲ. ‘ನಿನ್ನಲ್ಲಿರುವ ಕೆಂಪನ್ನು ಪೂರ್ತಿ ಹೊತ್ತಿಸು’ ಎಂಬ ಅಪ್ಪಣೆ. ಯಾವ ಕೆಂಪು ಎಂಬುದು ಆಯಾ ಪೆಟ್ಟಿಗೆಯ ಪಾಡು. ಹಳೆಯ ಗಾಜಿನ ಕೊಳವೆಯ ತೆರೆಗಳಲ್ಲಿ ವಿದ್ಯುತ್ತಿನ ಒತ್ತಡವನ್ನು ಎರಡರಷ್ಟು ಮಾಡಿದರೆ ಬೆಳಕು ನಾಲ್ಕರಷ್ಟನ್ನೂ ಮೀರಿ ಏರುತ್ತಿತ್ತು. ಈ ಏರಿಕೆಯ ಲೆಕ್ಕಕ್ಕೆ ಗ್ಯಾಮಾ ಎಂದು ಹೆಸರು. ಆಪಲ್‌ನವರು ಅದನ್ನು 1.8 ಎಂದಿಟ್ಟುಕೊಂಡರು, ಉಳಿದವರ ಪೆಟ್ಟಿಗೆಗಳಲ್ಲಿ ಅದು 2.2ರ ಆಸುಪಾಸು. ಒಂದರಲ್ಲಿ ಹದವಾಗಿ ಕಂಡ ಚಿತ್ರ ಇನ್ನೊಂದರಲ್ಲಿ ಮಬ್ಬಾಗುತ್ತಿತ್ತು. ಆಪಲ್ 2.2ಕ್ಕೆ ಬಂದದ್ದು 2009ರಲ್ಲಿ.

1993ರಲ್ಲಿ ಆಪಲ್, ಅಡೋಬಿ, ಕೊಡಾಕ್, ಮೈಕ್ರೋಸಾಫ್ಟ್ ಮೊದಲಾದ ಕಂಪೆನಿಗಳು ಕೂಡಿ, ಪ್ರತಿಯೊಂದು ಯಂತ್ರಕ್ಕೂ ಒಂದು ‘ಪ್ರೊಫೈಲ್’ ಇರಬೇಕೆಂದು ಗೊತ್ತುಮಾಡಿದವು. ಅದನ್ನು ಯಂತ್ರದ ಜಾತಕವೆನ್ನಬಹುದು: ಇದರ ಕೆಂಪು ಇಂಥದು, ಇದರ ಬಿಳುಪು ಇಂಥದು. ಆದರೆ ಜಾತಕ ಬರೆಸುವ ತಾಳ್ಮೆ ಎಷ್ಟು ಜನಕ್ಕಿದೆ? ಅದಕ್ಕಾಗಿ 1996ರಲ್ಲಿ ಎಚ್‌ಪಿ ಮತ್ತು ಮೈಕ್ರೋಸಾಫ್ಟ್ ಕಂಪೆನಿಗಳು ಸಾಮಾನ್ಯ ಪೆಟ್ಟಿಗೆಯೊಂದನ್ನು ಕಲ್ಪಿಸಿಕೊಂಡು ಎಲ್ಲರಿಗೂ ಅದೇ ಜಾತಕವೆಂದು ಸೂಚಿಸಿದವು. ಇದೇ ಎಸ್‌ಆರ್‌ಜಿಬಿ, 1999ರಲ್ಲಿ ಅಂತರರಾಷ್ಟ್ರೀಯ ಪ್ರಮಾಣವಾಯಿತು. ಅದರಲ್ಲಿ ನೋಡುವವನ ಕೋಣೆಯನ್ನು ಕೂಡ ನಿಗದಿಮಾಡಿದ್ದಾರೆ: 64 ಲಕ್ಸ್ ಬೆಳಕು, ಅಂದರೆ ಹೆಚ್ಚುಕಡಮೆ ಮುಸ್ಸಂಜೆಯ ನಡುಮನೆ. ಕಿಟಕಿಯ ಪಕ್ಕದಲ್ಲಿ ಹಗಲು ಹೊತ್ತು ಕುಳಿತು ಕೆಲಸ ಮಾಡುವ ನಮ್ಮಂಥವರು ಆ ಲೆಕ್ಕದಲ್ಲಿಲ್ಲ.

ಎಲ್ಲಕ್ಕಿಂತ ಸ್ವಾರಸ್ಯವಾದ ಕಥೆ ಅಡೋಬಿಯವರದು. 1998ರಲ್ಲಿ ಫೋಟೋಶಾಪಿನ 5ನೆಯ ಆವೃತ್ತಿಗಾಗಿ ಥಾಮಸ್ ನೋಲ್ ಎಂಬವರು ಟೆಲಿವಿಷನ್ ಪ್ರಮಾಣವೊಂದರ ಪುಸ್ತಕದಿಂದ ಅಂಕಿಗಳನ್ನು ತೆಗೆದು ಒಂದು ಜಾತಕ ಬರೆದರು. ಹೊರಬಂದ ಮೇಲೆ ಬಲ್ಲವರು ತಿಳಿಸಿದರು: ಇವು ನಿಜವಾದ ಅಂಕಿಗಳಲ್ಲ, ಆದರ್ಶವೆಂದು ಕೊಟ್ಟವು! ಸಾಲದುದಕ್ಕೆ ಕೆಂಪಿನ ಅಂಕಿಯನ್ನು ನಕಲು ಮಾಡುವಾಗಲೂ ತಪ್ಪಾಗಿತ್ತು. ತಿದ್ದಿ ನೋಡಿದರು, ತಿದ್ದಿದಷ್ಟೂ ಮುದ್ರಣಕ್ಕೆ ಒಗ್ಗದೆ ಹೋಯಿತು. ತಪ್ಪು ಅಂಕಿಗಳಲ್ಲಿ ಬಣ್ಣದ ಹರವು ದೊಡ್ಡದಾಗಿದ್ದುದರಿಂದ ಜನಕ್ಕೂ ಅದೇ ಹಿಡಿಸಿತ್ತು. ಕೊನೆಗೆ ಹೆಸರನ್ನಷ್ಟೆ ಬದಲಿಸಿ ‘ಅಡೋಬಿ ಆರ್‌ಜಿಬಿ 1998’ ಎಂದು ಕರೆದು ಅದನ್ನೇ ಉಳಿಸಿಕೊಂಡರು. ಇಂದು ಒಳ್ಳೆಯ ಕ್ಯಾಮರಾಗಳಲ್ಲೂ ತೆರೆಗಳಲ್ಲೂ ಈ ತಪ್ಪು ಕೆಂಪು ಮರ್ಯಾದೆಯಿಂದ ಕುಳಿತಿದೆ.

ಇನ್ನು ನಮ್ಮ ವ್ಯಾಜ್ಯ. ತೆರೆಯ ಗುಂಡಿಗಳನ್ನು ಒತ್ತಿ ನೋಡಲಾಗಿ ಅದು ‘ವಿವಿಡ್’ ಎಂಬಲ್ಲಿ ನಿಂತಿತ್ತು. ಅಂಗಡಿಯ ಸಾಲಿನಲ್ಲಿ ಗಿರಾಕಿಯ ಕಣ್ಣು ಸೆಳೆಯಲು ಬಣ್ಣಗಳನ್ನು ಉಬ್ಬಿಸಿ ತೋರಿಸುವ ಏರ್ಪಾಡು ಅದು. ಅದನ್ನು ಎಸ್‌ಆರ್‌ಜಿಬಿಗೆ ತಿರುಗಿಸಿ, ಕಿಟಕಿಯ ಪರದೆ ಎಳೆದು ಕುಳಿತಾಗ, ಚಿತ್ರದ ಅರಗು ಅರ್ಧದಷ್ಟು ಇಟ್ಟಿಗೆಯ ಕಡೆಗೆ ಸರಿಯಿತು. ಮಿಕ್ಕ ಅರ್ಧವನ್ನು ಮನೆಯಾಕೆ ಅಂಗಡಿಯವನ ಖಾತೆಗೆ ಬರೆದಿದ್ದಾಳೆ. ಸೀರೆಯನ್ನು ಮಾತ್ರ ಹಿಂದಕ್ಕೆ ಕಳುಹಿಸಲಿಲ್ಲ; ಬಿಸಿಲಿನಲ್ಲಿ ನೋಡಿದರೆ ಚೆನ್ನಾಗಿಯೇ ಇದೆಯಂತೆ.