ಲೋಲಕ ಹೊತ್ತು ಲಡಾಖಿಗೆ

ಗುರುತ್ವ ಕಡಿಮೆಯಾದರೆ ಲೋಲಕದ ತೂಗಾಟ ನಿಧಾನವಾಗುತ್ತದೆ. ನೆಲ ಅಗೆಯದೆ ಒಳಗನ್ನು ಅಂದಾಜಿಸಲು ಸರ್ವೇಯವರಿಗೆ ಇದ್ದ ದಾರಿ ಅದು. ಕ್ಯಾಪ್ಟನ್ ಜೇಮ್ಸ್ ಬಸೇವಿ 1865ರಿಂದ ರಾಯಲ್ ಸೊಸೈಟಿಯ ಹಿತ್ತಾಳೆ ಲೋಲಕಗಳನ್ನು ದೇಶದುದ್ದಕ್ಕೂ ಸಾಗಿಸಿದ. ಬೆಂಗಳೂರಿನಲ್ಲೂ ಅವು ತೂಗಿದವು. ಗಾಳಿ ತೆಗೆದ ಪಾತ್ರೆಯೊಳಗೆ ಲೋಲಕವನ್ನು ಬಿಟ್ಟು, ಹಿಂದಿನ ಗಡಿಯಾರದ ಲೋಲಕದೊಂದಿಗೆ ಅದು ಯಾವ ಗಳಿಗೆಗೆ ಜೊತೆಗೂಡುತ್ತದೆಂದು ದುರ್ಬೀನಿನಲ್ಲಿ ಕಾಯಬೇಕು, ಗಂಟೆಗಟ್ಟಲೆ.

1871ರಲ್ಲಿ ಲಡಾಖಿನ ಮೋರೆ ಬಯಲು, 15,000 ಅಡಿಗೂ ಮೇಲೆ. ಎತ್ತರದ ಲೆಕ್ಕ ಸರಿಪಡಿಸಿದರೂ, ಅಷ್ಟು ದೊಡ್ಡ ಪರ್ವತರಾಶಿಗೆ ತಕ್ಕ ಗುರುತ್ವ ಅಲ್ಲಿರಲಿಲ್ಲ. ಹಿಮಾಲಯದ ಅಡಿಯಲ್ಲಿ ಹಗುರ ಬಂಡೆಯಿರಬೇಕು. ಜಾರ್ಜ್ ಏರಿ 1855ರಲ್ಲೇ ಅಂಥದ್ದೊಂದನ್ನು ಊಹಿಸಿದ್ದ. ಈ ಉತ್ತರ ನೋಡಲು ಬಸೇವಿ ಉಳಿಯಲಿಲ್ಲ. ಆ ಜುಲೈನಲ್ಲೇ, ಲಡಾಖಿನಲ್ಲಿ ತೀರಿಕೊಂಡ. ಲೋಲಕಗಳನ್ನು ಹೆವಿಸೈಡ್ ಎಂಬ ಇನ್ನೊಬ್ಬ ಅಧಿಕಾರಿ ಇಂಗ್ಲೆಂಡಿನ ಕ್ಯೂಗೆ ಒಯ್ದು, ಮತ್ತೆ ತೂಗಿಸಿ, ತಾಳೆ ನೋಡಿದ.