ಆದೋನಿಯ ಸರಪಳಿ, ಬೆಂಗಳೂರಿನ ಡ್ಯಾಶ್‌ಬೋರ್ಡ್



ಕಳೆದ ಕ್ರಿಸ್ಮಸ್ ರಜೆಗೆ ಬೆಂಗಳೂರಿನಿಂದ ಊರಿಗೆ ಬಂದಿದ್ದ ನಮ್ಮ ಯುವಕ ಸಂಘದ ಒಬ್ಬ ತಮ್ಮ, ಹಬ್ಬದ ಊಟ ಮುಗಿದ ಮೇಲೂ ಮೊಬೈಲ್ ಕೈಬಿಡಲಿಲ್ಲ. ಏನಪ್ಪಾ ಅದು ಎಂದು ಕೇಳಿದೆ. ತೋರಿಸಿದ. ಅವನ ಕಂಪನಿಯಲ್ಲಿ ಸಾಫ್ಟ್‌ವೇರ್ ತಂಡದ ಪ್ರತಿಯೊಬ್ಬರ ಕೆಲಸಕ್ಕೂ ಒಂದು ಗೆರೆ ಇದೆ. ವಾರಕ್ಕೆ ಎಷ್ಟು ಸಲ ಕೋಡ್ ಸೇರಿಸಿದ, ಎಷ್ಟು ಟಿಕೆಟ್ ಮುಗಿಸಿದ, ಎಲ್ಲವನ್ನೂ ಒಂದು ಉಪಕರಣ ತಾನಾಗಿಯೇ ಎಣಿಸಿ ಪರದೆಯ ಮೇಲೆ ಇಡುತ್ತದೆ. ಅವನ ಗೆರೆ ಕೆಳಗೆ ಇಳಿದಿತ್ತು. "ಅಣ್ಣಾ, ಹೊಸದಾಗಿ ಸೇರಿದ ಇಬ್ಬರಿಗೆ ಒಂದು ತಿಂಗಳು ಕೆಲಸ ಕಲಿಸ್ತಾ ಕೂತೆ. ಅದು ಇದರಲ್ಲಿ ಬರಲ್ಲ" ಅಂದ. ಅವನ ತಾಯಿ ಪಾತ್ರೆ ಎತ್ತುತ್ತಾ ಕೇಳಿದರು: "ದಿನಾ ರಾತ್ರಿವರೆಗೂ ದುಡೀತೀಯಲ್ಲೋ, ಅದು ಅದಕ್ಕೆ ಕಾಣಲ್ವಾ?"

ಆ ತಾಯಿಯ ಪ್ರಶ್ನೆ ಹೊಸದಲ್ಲ. ದುಡಿಯುವವನ ಕೆಲಸವನ್ನು ಲೆಕ್ಕ ಹಾಕಿ, ಆ ಲೆಕ್ಕದ ಮೇಲೆ ಕೂಲಿ ಕೊಟ್ಟು, ತಪ್ಪಿದರೆ ಮನೆಗೆ ಕಳಿಸುವ ಒಂದು ದೊಡ್ಡ ಪ್ರಯೋಗ ಇನ್ನೂರು ವರ್ಷಗಳ ಹಿಂದೆ ನಮ್ಮ ಆದೋನಿ, ಆಲೂರು, ಪತ್ತಿಕೊಂಡದ ಹೊಲಗಳಲ್ಲೇ ನಡೆದಿತ್ತು. ಇವತ್ತು ಡ್ಯಾಶ್‌ಬೋರ್ಡ್ ಮುಂದೆ ಕೂರುವ ಮಕ್ಕಳಿಗೂ, ಅವರ ಮೇಲಿನವರಿಗೂ ಆ ಚರಿತ್ರೆಯಲ್ಲಿ ಕಲಿಯುವುದಿದೆ.

ನಿಜಾಮನಿಂದ ಕಂಪನಿಗೆ

ಆದೋನಿಯನ್ನು ನಮ್ಮ ಹಿರಿಯರು ಆದವಾನಿ ಎನ್ನುತ್ತಾರೆ. 1786ರಲ್ಲಿ ಟಿಪ್ಪು ಸುಲ್ತಾನ ಇಲ್ಲಿನ ಕೋಟೆಯನ್ನು ಹಿಡಿದಿದ್ದ. ಟಿಪ್ಪು ಮಡಿದ ಮೇಲೆ, 1800ರ ಒಪ್ಪಂದದಲ್ಲಿ, ಹೈದರಾಬಾದಿನ ನಿಜಾಮ ಈ ಸೀಮೆಯನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ. ಬಳ್ಳಾರಿ, ಅನಂತಪುರ, ಕಡಪ, ಇಂದಿನ ಕರ್ನೂಲು ಜಿಲ್ಲೆಯ ಪಶ್ಚಿಮ ಭಾಗ ಎಲ್ಲವೂ ಅದರಲ್ಲಿ ಸೇರಿದ್ದವು. ಬಿಟ್ಟುಕೊಟ್ಟದ್ದರಿಂದ ಇವಕ್ಕೆ ಸೀಡೆಡ್ ಜಿಲ್ಲೆಗಳು ಎಂದು ಹೆಸರಾಯಿತು. ಆದೋನಿ, ಆಲೂರು ತಾಲೂಕುಗಳು 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟುವವರೆಗೂ ಬಳ್ಳಾರಿ ಜಿಲ್ಲೆಯಲ್ಲೇ ಇದ್ದವು. ನಮ್ಮ ಮನೆಗಳಲ್ಲಿ ಕನ್ನಡ ಉಳಿದಿರುವುದಕ್ಕೆ ಆ ಹಳೆಯ ನಂಟೂ ಒಂದು ಕಾರಣ.

ಈ ಸೀಮೆಗೆ ಮೊದಲ ಪ್ರಧಾನ ಕಲೆಕ್ಟರ್ ಆಗಿ ಬಂದವನು ಥಾಮಸ್ ಮನ್ರೋ. ಮಂತ್ರಾಲಯದ ಕಡೆ ಹೇಳುವ ಕಥೆಯಿಂದಾಗಿ ಅವನ ಹೆಸರು ನಮ್ಮಲ್ಲಿ ಎಲ್ಲರಿಗೂ ಗೊತ್ತು. ಜಮೀನ್ದಾರರನ್ನು ನಡುವೆ ಇಟ್ಟುಕೊಳ್ಳದೆ ಒಬ್ಬೊಬ್ಬ ರೈತನಿಂದ ನೇರವಾಗಿ ಕಂದಾಯ ಪಡೆಯಬೇಕು ಎಂಬುದು ಅವನ ಯೋಚನೆ. ಅದೇ ರೈತವಾರಿ ಪದ್ಧತಿ. ಅದಕ್ಕೆ ಪ್ರತಿ ಹೊಲದ ಅಳತೆ ಬೇಕಿತ್ತು. ಅಳೆಯುವವರು ಮಾತ್ರ ಇರಲಿಲ್ಲ.

ನಾಲ್ವರಿಂದ ನೂರು ಜನ

1802ರ ಜೂನ್‌ನಲ್ಲಿ ಸರ್ವೇ ಶುರುವಾದಾಗ ಭೂಮಿ ಅಳೆಯಲು ಬಲ್ಲವರು ಕಲೆಕ್ಟರ್ ಕಚೇರಿಯ ನಾಲ್ಕೇ ಗುಮಾಸ್ತರು. ಅವರು ಈ ಸೀಮೆಯ ಹನ್ನೆರಡು ಜನರಿಗೆ ಕಲಿಸಿದರು. ಕಲಿತವರು ಮತ್ತಷ್ಟು ಜನರಿಗೆ ಕಲಿಸಿದರು. ಆ ವರ್ಷ ಮುಗಿಯುವುದರೊಳಗೆ 50 ಜನ ಮೋಜಣಿದಾರರಾದರು, ಮರುವರ್ಷ 100. ಮೊದಲು ಆರು ತಂಡ, ಆಮೇಲೆ ಹತ್ತು ತಂಡ. ಪ್ರತಿ ತಂಡಕ್ಕೆ ಒಬ್ಬ ಮುಖ್ಯ ಮೋಜಣಿದಾರ, ಒಬ್ಬ ತಪಾಸಣೆಗಾರ.

ಅಳತೆಗೆ ಎಲ್ಲ ಕಡೆ ಒಂದೇ ಸರಪಳಿ, 33 ಅಡಿಯದು. ಉದ್ದ 33 ಅಡಿ, ಅಗಲ 33 ಅಡಿ ಇರುವ 40 ಚೌಕಗಳು ಸೇರಿದರೆ ಸರಿಯಾಗಿ ಒಂದು ಎಕರೆ. ಕರ್ನಾಟಕದಲ್ಲಿ ಇವತ್ತಿಗೂ ಒಂದು ಗುಂಟೆ ಎಂದರೆ ಇದೇ ಅಳತೆ.

ಈಗ ಕೂಲಿಯ ಮಾತಿಗೆ ಬನ್ನಿ. ಮೋಜಣಿದಾರರಿಗೆ ಅಳೆದ ಎಕರೆಗೆ ಇಷ್ಟು ಎಂದು ದರ ಕಟ್ಟಲಾಗಿತ್ತು. ಬೇಗಬೇಗ ಅಳೆಯದಿದ್ದರೆ ಹೊಟ್ಟೆ ತುಂಬುವಷ್ಟು ಸಿಗುತ್ತಿರಲಿಲ್ಲ. ಸೋಮಾರಿತನಕ್ಕೆ ಜಾಗವಿರಬಾರದು ಎಂಬುದೇ ಅದರ ಉದ್ದೇಶ. ಆದರೆ ಎಕರೆಗೆ ಕೂಲಿ ಎಂದ ತಕ್ಷಣ ಏನಾಗುತ್ತದೆ ಎಂದು ಹೊಲದಲ್ಲಿ ಕಳೆ ಕೀಳಿಸಿದ ಯಾರಿಗೂ ಹೇಳಿಕೊಡಬೇಕಿಲ್ಲ. ಸಾಲಿಗೆ ಇಷ್ಟು ಎಂದು ಮಾತಾದರೆ ಸಾಲು ಬೇಗ ಮುಗಿಯುತ್ತದೆ, ಕಳೆಯ ಬೇರು ಮಣ್ಣಿನಲ್ಲೇ ಉಳಿಯುತ್ತದೆ.

ಮನ್ರೋಗೆ ಇದು ಗೊತ್ತಿತ್ತು. ಅದಕ್ಕೇ ಎರಡನೆಯ ಲೆಕ್ಕವೊಂದನ್ನು ಇಟ್ಟ. ತಪಾಸಣೆಗಾರರು ಅಳೆದ ಹೊಲವನ್ನೇ ಮತ್ತೆ ಅಳೆದು ನೋಡುತ್ತಿದ್ದರು. ಖುಷ್ಕಿ ಭೂಮಿಯಲ್ಲಿ ನೂರಕ್ಕೆ 10, ತರಿ ಭೂಮಿಯಲ್ಲಿ ನೂರಕ್ಕೆ 5, ಇದಕ್ಕಿಂತ ಹೆಚ್ಚು ವ್ಯತ್ಯಾಸ ಬಂದರೆ ಮೋಜಣಿದಾರನ ಕೆಲಸ ಹೋಯಿತು. ಅವಸರದಿಂದ ತಪ್ಪಿದ್ದರೂ ಅಷ್ಟೇ, ಬೇಕೆಂದೇ ತಪ್ಪು ಬರೆದಿದ್ದರೂ ಅಷ್ಟೇ. ಸಾಮಾನ್ಯವಾಗಿ ಆರು ತಿಂಗಳು ಹೊರಗಿದ್ದ ಮೇಲಷ್ಟೇ ಮತ್ತೆ ಕರೆಯುತ್ತಿದ್ದರು, ಕೆಲವರನ್ನು ಕರೆಯುತ್ತಲೇ ಇರಲಿಲ್ಲ. ಕೆಲಸ ಕಲಿತವರಲ್ಲಿ ಯಾವಾಗಲೂ ಸುಮಾರು ಮೂರರಲ್ಲಿ ಎರಡು ಪಾಲು ಜನ ಕೆಲಸದಲ್ಲಿ, ಒಂದು ಪಾಲು ಜನ ಮನೆಯಲ್ಲಿ. ಸರ್ವೇ ಮುಗಿಯುವ ಹೊತ್ತಿಗೆ ಆ ಮಿತಿ ಮೀರಿದ ತಪ್ಪುಗಳು ಅಪರೂಪವಾಗಿದ್ದವು.

ಕೋಡಿನ ಸಾಲುಗಳ ಲೆಕ್ಕ

ಇಲ್ಲಿಂದ ಒಮ್ಮೆ ಕಂಪ್ಯೂಟರ್ ಕಾಲಕ್ಕೆ ಬರೋಣ. ಸಾಫ್ಟ್‌ವೇರ್ ಕೆಲಸವನ್ನು ಅಳೆಯಲು ಹೊರಟವರು ಮೊದಲು ಹಿಡಿದದ್ದೂ ಎಕರೆಯಂಥ ಅಳತೆಯನ್ನೇ: ಎಷ್ಟು ಸಾಲು ಕೋಡ್ ಬರೆದೆ? ಎಣಿಸಲು ಸುಲಭ, ಅದಕ್ಕೇ ಎಲ್ಲರಿಗೂ ಹಿಡಿಸಿತು.

1982ರಲ್ಲಿ ಆಪಲ್ ಕಂಪನಿಯಲ್ಲಿ ನಡೆದ ಒಂದು ಪ್ರಸಂಗವನ್ನು ಅಲ್ಲಿ ದುಡಿದವರು ಈಗಲೂ ಹೇಳುತ್ತಾರೆ. ಪ್ರತಿ ವಾರ ಎಷ್ಟು ಸಾಲು ಬರೆದಿರಿ ಎಂದು ಫಾರಂ ತುಂಬಿ ಕೊಡಬೇಕೆಂದು ಮೇಲಿನವರು ಹೇಳಿದರು. ಬಿಲ್ ಅಟ್ಕಿನ್‌ಸನ್ ಎಂಬ ಎಂಜಿನಿಯರ್ ಆ ವಾರ ಚಿತ್ರ ಬಿಡಿಸುವ ಪ್ರೋಗ್ರಾಂನ ಒಂದು ಭಾಗವನ್ನು ತಿದ್ದಿ ಬರೆದಿದ್ದ. ಅದು ಸುಮಾರು ಆರು ಪಟ್ಟು ವೇಗವಾಗಿ ಓಡತೊಡಗಿತ್ತು, ಕೋಡ್ ಮಾತ್ರ ಎರಡು ಸಾವಿರ ಸಾಲು ಕಡಿಮೆಯಾಗಿತ್ತು. ಫಾರಂನಲ್ಲಿ ಅವನು "ಮೈನಸ್ 2000" ಎಂದು ಬರೆದು ಕೊಟ್ಟ. ಕೆಲವು ವಾರಗಳ ನಂತರ ಅವನನ್ನು ಫಾರಂ ಕೇಳುವುದನ್ನೇ ಬಿಟ್ಟರು.

ಸಾಲು ಎಣಿಸುವುದು ಸಾಲದು ಎಂದು ಬೇರೆಯವರಿಗೂ ಹೊಳೆದಿತ್ತು. 1979ರಲ್ಲಿ ಐಬಿಎಂನ ಅಲನ್ ಆಲ್‌ಬ್ರೆಕ್ಟ್, ಪ್ರೋಗ್ರಾಂ ಬಳಸುವವನಿಗೆ ಎಷ್ಟು ಕೆಲಸ ಮಾಡಿಕೊಡುತ್ತದೆ ಎಂದು ಎಣಿಸುವ ಫಂಕ್ಷನ್ ಪಾಯಿಂಟ್ ಎಂಬ ಅಳತೆಯನ್ನು ತಂದ. ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಒಂದು ಸಂಸ್ಥೆ, ಕಂಪನಿಗಳು ಎಷ್ಟು ಶಿಸ್ತಿನಿಂದ ಸಾಫ್ಟ್‌ವೇರ್ ಮಾಡುತ್ತವೆ ಎಂದು ನೋಡಿ ಐದು ಮೆಟ್ಟಿಲುಗಳಲ್ಲಿ ದರ್ಜೆ ಕೊಡುವ ಸಿಎಂಎಂ ಪದ್ಧತಿಯನ್ನು ರೂಪಿಸಿತು. 1993ರಲ್ಲಿ ಬೆಂಗಳೂರಿನ ಮೊಟೊರೊಲಾ ಕೇಂದ್ರ ಐದನೆಯ ಮೆಟ್ಟಿಲಿಗೆ ಏರಿತು. ಆಗ ಜಗತ್ತಿನಲ್ಲಿ ಆ ದರ್ಜೆಯ ಕೇಂದ್ರಗಳು ಬೆರಳೆಣಿಕೆಯಷ್ಟೇ. ಆಮೇಲೆ ನಮ್ಮ ದೇಶದ ಸಾಫ್ಟ್‌ವೇರ್ ಕಂಪನಿಗಳು ಒಂದರ ಹಿಂದೆ ಒಂದು ಆ ದಾರಿ ಹಿಡಿದವು.

ಜಿರಾ, 2005ರಲ್ಲಿ ಬಂದ ಗಿಟ್‌ನಂಥ ಉಪಕರಣಗಳು ಬಂದ ಮೇಲೆ ಫಾರಂ ತುಂಬುವ ಕೆಲಸವೂ ಉಳಿಯಲಿಲ್ಲ. ಯಾರು ಯಾವ ನಿಮಿಷದಲ್ಲಿ ಏನು ಸೇರಿಸಿದರು ಎಂಬುದು ತಾನಾಗಿಯೇ ದಾಖಲಾಗುತ್ತದೆ. ಡ್ಯಾಶ್‌ಬೋರ್ಡ್ ಅದನ್ನು ಗೆರೆಯಾಗಿ ಬಿಡಿಸುತ್ತದೆ.

ಎರಡು ತಟ್ಟೆಯ ತಕ್ಕಡಿ

ಈಗ ಹೆಚ್ಚು ಕಡೆ ಮಾತಿನಲ್ಲಿರುವುದು ಡೋರಾ ಎಂಬ ಸಂಶೋಧನೆಯ ನಾಲ್ಕು ಅಳತೆಗಳು. 2018ರಲ್ಲಿ ನಿಕೋಲ್ ಫೋರ್ಸ್‌ಗ್ರೆನ್ ಮತ್ತು ಜೊತೆಗಾರರು ಬರೆದ ಪುಸ್ತಕದಿಂದ ಅವು ಎಲ್ಲೆಡೆ ಹರಡಿದವು. ಎಷ್ಟು ಸಲ ಹೊಸ ಕೋಡನ್ನು ಬಳಕೆಗೆ ಬಿಡುತ್ತೀರಿ, ಬರೆದದ್ದು ಬಳಕೆದಾರರಿಗೆ ತಲುಪಲು ಎಷ್ಟು ಹೊತ್ತು ಬೇಕು, ಇವೆರಡು ವೇಗದ ಅಳತೆ. ಬಿಟ್ಟದ್ದರಲ್ಲಿ ಎಷ್ಟು ಕೆಟ್ಟುಹೋಯಿತು, ಕೆಟ್ಟದ್ದು ಸರಿಯಾಗಲು ಎಷ್ಟು ಹೊತ್ತಾಯಿತು, ಇವೆರಡು ಗಟ್ಟಿತನದ ಅಳತೆ.

ಆದೋನಿಯ ಹೊಲವನ್ನು ಒಮ್ಮೆ ನೆನಪಿಸಿಕೊಳ್ಳಿ. ಒಂದು ಕಡೆ ಎಕರೆ, ಇನ್ನೊಂದು ಕಡೆ ನೂರಕ್ಕೆ ಹತ್ತು, ನೂರಕ್ಕೆ ಐದು ಎಂಬ ತಪ್ಪಿನ ಮಿತಿ. ವೇಗವನ್ನು ಒಂದು ತಟ್ಟೆಯಲ್ಲಿಟ್ಟರೆ ಗುಣವನ್ನು ಇನ್ನೊಂದರಲ್ಲಿ ಇಡಬೇಕು ಎಂಬ ಬುದ್ಧಿ 1802ರಲ್ಲೂ ಇತ್ತು.

ಆದರೆ ಒಂದು ದೊಡ್ಡ ವ್ಯತ್ಯಾಸವಿದೆ. ಮನ್ರೋನ ಲೆಕ್ಕ ಒಬ್ಬೊಬ್ಬನ ತಲೆಯ ಮೇಲೆ ಇತ್ತು. ಡೋರಾದ ಅಳತೆಗಳು ಇಡೀ ತಂಡದ ಕೆಲಸ ನೋಡುವುದಕ್ಕೆ. ಒಬ್ಬನನ್ನು ಇನ್ನೊಬ್ಬನ ಪಕ್ಕ ನಿಲ್ಲಿಸಿ ಎತ್ತರ ನೋಡುವುದಕ್ಕಲ್ಲ. ಇದೇ ಫೋರ್ಸ್‌ಗ್ರೆನ್ 2021ರಲ್ಲಿ ಇತರರೊಂದಿಗೆ ಸೇರಿ ಸ್ಪೇಸ್ ಎಂಬ ಚೌಕಟ್ಟನ್ನು ಮುಂದಿಟ್ಟರು. ಕೆಲಸಗಾರರ ತೃಪ್ತಿ, ಒಬ್ಬರಿಗೊಬ್ಬರು ಕೊಡುವ ಸಹಾಯ ಕೂಡ ಉತ್ಪಾದಕತೆಯ ಭಾಗ, ಒಂದೇ ಅಂಕಿಯಿಂದ ಎಲ್ಲವನ್ನೂ ತೂಗಲಾಗದು ಎಂಬುದು ಅದರ ಸಾರ.

ಆ ಮೊದಲ ನಾಲ್ಕು ಗುಮಾಸ್ತರನ್ನು ಯೋಚಿಸಿ. ಅವರು ಪಕ್ಕದವನಿಗೆ ಸರಪಳಿ ಹಿಡಿಯಲು ಕಲಿಸಿದ ದಿನಗಳು ಎಕರೆಯ ಲೆಕ್ಕದಲ್ಲಿ ಸೊನ್ನೆ. ಆದರೆ ಅವರು ಕಲಿಸದಿದ್ದರೆ ಆ ನೂರು ಜನ ಎಲ್ಲಿಂದ ಬರುತ್ತಿದ್ದರು? ನಮ್ಮ ತಮ್ಮ ಹೊಸಬರಿಬ್ಬರಿಗೆ ಕಲಿಸಿದ ತಿಂಗಳೂ ಅಂಥದ್ದೇ. ಗೆರೆ ಕೆಳಗೆ ಬಿತ್ತು, ತಂಡ ಮೇಲೆ ಎದ್ದಿತು.

ಅಳತೆ ಸರಿ, ಕಂದಾಯ ಹೆಚ್ಚು

ಈ ಚರಿತ್ರೆಯ ಮುಖ್ಯ ಪಾಠ ಇನ್ನೂ ಬಾಕಿಯಿದೆ. ಹೊಲ ಅಳೆದಾದ ಮೇಲೆ ಮಣ್ಣಿನ ಗುಣ ನೋಡಿ ಕಂದಾಯ ಕಟ್ಟುವವರು ಬಂದರು. ಊರಿನ ಮುಖ್ಯಸ್ಥರನ್ನೂ ಕರಣಂರನ್ನೂ ರೈತರನ್ನೂ ಕಚೇರಿಗೆ ಕರೆಸಿ ಅವರ ತಕರಾರು ಕೇಳುವ ಕ್ರಮವೂ ಇತ್ತು. ಎಲ್ಲ ಮುಗಿದ ಮೇಲೆ, 1807ರಲ್ಲಿ, ಮನ್ರೋ ಮದ್ರಾಸ್ ಸರ್ಕಾರಕ್ಕೆ ಬರೆದ: ಈ ಕಂದಾಯ ಹೆಚ್ಚಾಯಿತು, ನೂರಕ್ಕೆ 25ರಷ್ಟು ಇಳಿಸಬೇಕು. ಬಾವಿ, ಸಣ್ಣ ಕೆರೆಗಳ ಕೆಳಗಿನ ಭೂಮಿಗೆ ಇನ್ನೂ 8 ಸೇರಿಸಿ 33ರಷ್ಟು ಇಳಿಸಬೇಕೆಂದೂ ಹೇಳಿದ.

ಸರ್ಕಾರ ಒಪ್ಪಲಿಲ್ಲ. ಆ ವರ್ಷವೇ ಮನ್ರೋ ಊರಿಗೆ ಹೊರಟ. ಸರ್ಕಾರ ಊರೂರುಗಳನ್ನೇ ಗುತ್ತಿಗೆಗೆ ಕೊಟ್ಟಿತು, ಮೊದಲು ಮೂರು ವರ್ಷಕ್ಕೆ, ಆಮೇಲೆ ಹತ್ತು ವರ್ಷಕ್ಕೆ. ಆ ಪದ್ಧತಿ ಸೋತಿತು, ಗುತ್ತಿಗೆದಾರರು ಮುಳುಗಿದರು, ರೈತರು ನರಳಿದರು. 1820ರಲ್ಲಿ ಮನ್ರೋ ಮದ್ರಾಸಿನ ಗವರ್ನರ್ ಆಗಿ ಹಿಂತಿರುಗಿದ ಮೇಲಷ್ಟೇ ಅವನು ಕೇಳಿದ್ದ ಇಳಿಕೆ ರೈತನಿಗೆ ಸಿಕ್ಕಿತು.

ಗಮನಿಸಿ: ಅಳತೆಯಲ್ಲಿ ತಪ್ಪಿರಲಿಲ್ಲ. ಸರಪಳಿ ಸರಿಯಿತ್ತು, ತಪಾಸಣೆ ಬಿಗಿಯಾಗಿತ್ತು. ಆದರೂ ಹದಿಮೂರು ವರ್ಷ ರೈತ ಬೇಯಬೇಕಾಯಿತು. ಯಾಕೆಂದರೆ ಆ ಅಂಕಿಗಳನ್ನು ಹಿಡಿದು ಎಷ್ಟು ಕೇಳಬೇಕು ಎಂದು ತೀರ್ಮಾನಿಸಿದವರು ದೂರದಲ್ಲಿದ್ದರು. ಹೊಲ ಕಂಡವನೇ ಜಾಸ್ತಿಯಾಯಿತು ಎಂದು ಬರೆದರೂ ಅವರು ಕಿವಿಗೆ ಹಾಕಿಕೊಳ್ಳಲಿಲ್ಲ. ಅಳತೆ ನಿಖರವಾಗಿರುವುದು ಒಂದು, ಅದರ ಮೇಲೆ ಕೇಳುವುದು ನ್ಯಾಯವಾಗಿರುವುದು ಇನ್ನೊಂದು.

ನಾವೇನು ಮಾಡಬಹುದು?

ಕೆಲಸದಲ್ಲಿರುವ ತಮ್ಮಂದಿರೇ, ತಂಗಿಯರೇ, ನಿಮ್ಮ ತಂಡದಲ್ಲಿ ಏನನ್ನು ಎಣಿಸುತ್ತಾರೆ, ಅದನ್ನು ಯಾವುದಕ್ಕೆ ಬಳಸುತ್ತಾರೆ ಎಂದು ಸೇರಿದ ಮೊದಲ ವಾರವೇ ವಿನಯದಿಂದ ಕೇಳಿ. ಪರದೆಗೆ ಕಾಣದ ಕೆಲಸವನ್ನು, ಅಂದರೆ ಕಲಿಸಿದ್ದು, ಬೇರೆಯವರ ಕೋಡ್ ಓದಿ ತಪ್ಪು ಹಿಡಿದದ್ದು, ಬೇಡದ ಕೋಡ್ ತೆಗೆದದ್ದು, ಇವನ್ನು ವಾರಕ್ಕೊಮ್ಮೆ ನಾಲ್ಕು ಸಾಲಿನಲ್ಲಿ ಬರೆದಿಡಿ. ಮಾತಾಡುವ ದಿನ ಅದು ನಿಮ್ಮ ಕೈಯಲ್ಲಿರಲಿ.

ತಂಡ ನಡೆಸುವವರಾಗಿದ್ದರೆ, ವೇಗದ ಪಕ್ಕದಲ್ಲಿ ಗುಣದ ಲೆಕ್ಕವನ್ನೂ ಇಡಿ. ಗೆರೆ ಬಿದ್ದಾಗ ಮೊದಲು ಕಾರಣ ಕೇಳಿ, ಆಮೇಲೆ ಅಂಕ ಕೊಡಿ. ಅಂಕಿ ತಪ್ಪು ಹೇಳುತ್ತಿದೆ ಎಂದು ನಿಮಗೆ ಕಂಡರೆ ಮೇಲಿನವರಿಗೆ ಬರೆಯಿರಿ. ಮನ್ರೋ ಬರೆದದ್ದು ಕೂಡಲೇ ನಡೆಯಲಿಲ್ಲ, ಆದರೆ ಬರೆದದ್ದರಿಂದಲೇ ಮುಂದೊಂದು ದಿನ ನಡೆಯಿತು.

ತಂದೆತಾಯಂದಿರಲ್ಲಿ ಒಂದು ವಿನಂತಿ. ಮಕ್ಕಳು ಫೋನ್ ಮಾಡಿದಾಗ ರೇಟಿಂಗ್ ಎಷ್ಟು ಬಂತು ಎಂಬುದಕ್ಕಿಂತ ಮೊದಲು, ಈ ವಾರ ಯಾರಿಗೆ ಏನು ಸಹಾಯ ಮಾಡಿದೆ ಎಂದು ಕೇಳಿ.

1827ರ ಜುಲೈ 6ರಂದು, ಪ್ರವಾಸದಲ್ಲಿದ್ದ ಮನ್ರೋ ನಮ್ಮ ಪತ್ತಿಕೊಂಡದಲ್ಲಿ ಕಾಲರಾದಿಂದ ತೀರಿಕೊಂಡ. ಅವನ ನೆನಪಿಗೆ ಅಲ್ಲಿ ಒಂದು ಬಾವಿ ತೋಡಿಸಿ ತೋಪು ಬೆಳೆಸಿದರು. ಅವನ ಹೆಸರು ಹೀಗೆ ಉಳಿಯಿತು. ಬಿಸಿಲಲ್ಲಿ ಸರಪಳಿ ಎಳೆದ ಆ ನೂರು ಜನರ ಹೆಸರು ನಮ್ಮಲ್ಲಿ ಯಾರ ಬಾಯಲ್ಲೂ ಇಲ್ಲ. ಅವರು ಅಳೆದ ಎಕರೆಗಳ ಲೆಕ್ಕ ಮಾತ್ರ ಸರಿಯಾಗಿತ್ತು. ಮುಂದಿನ ಹಬ್ಬಕ್ಕೆ ನಮ್ಮ ಮಕ್ಕಳು ಊರಿಗೆ ಬಂದಾಗ, ಅವರ ಗೆರೆಯನ್ನು ನೋಡುವ ಮೊದಲು ಅವರ ಮುಖವನ್ನು ನೋಡೋಣ.